ಮಿರ್ಕಾಬಿನಲ್ಲಿ ನಾನು ಅಳೆಯದ ಗೋಡೆ

ಹೋದ ಡಿಸೆಂಬರಿನಲ್ಲಿ ಗೆಳೆಯ ಲಿಗೋರಿಯ ಕಿರಿ ಮಗಳ ಮದುವೆಗೆಂದು ಮೈಸೂರಿನಿಂದ ಮಂಗಳೂರಿಗೆ ಹೋಗಿದ್ದೆ. ಮದುವೆಯ ಮರುದಿನ ಬೆಳಿಗ್ಗೆ ಅವನು ನನ್ನನ್ನು ಬಂದರಿನ ಕಡೆ ತಿರುಗಾಡಲು ಕರೆದುಕೊಂಡು ಹೋದ. ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮರದ ಮಂಜಿಯೊಂದನ್ನು ದಡಕ್ಕೆಳೆದು ನಿಲ್ಲಿಸಿ, ಇಬ್ಬರು ಅದರ ಹಲಗೆಗಳಿಗೆ ಮೀನೆಣ್ಣೆ ಬಳಿಯುತ್ತಿದ್ದರು.

"ಮೂಗು ಮುಚ್ಚಿಕೋ ಮಾರಾಯ. ಮೀನು ಮುಟ್ಟದ ನಿನ್ನಂಥ ಪುಳಿಚಾರಿಗೆ ಇದೆಲ್ಲ ತಡೀಲಿಕ್ಕಿಲ್ಲ" ಎಂದ ಲಿಗೋರಿ.

ನಾನು ಮುಚ್ಚಲಿಲ್ಲ. ಇನ್ನೂ ಎರಡು ಹೆಜ್ಜೆ ಹತ್ತಿರ ಹೋಗಿ ನಿಂತೆ. "ಲಿಗೋರಿ, ಇದು ಬು ಸಾಲೆಮ್ ಬಾಗಿಲಿನ ವಾಸನೆ ಅಲ್ವೇನೋ?" ಅಂದೆ. ಅವನು ಒಂದು ಸಲ ಉಸಿರೆಳೆದುಕೊಂಡು "ಹೌದಲ್ಲ" ಅಂದ. ಎಪ್ಪತ್ತರ ಹತ್ತಿರ ಬಂದ ಇಬ್ಬರು ಮುದುಕರು ಮೀನೆಣ್ಣೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಆ ಕೆಲಸದವರಿಗೆ ಏನನ್ನಿಸಿತೋ ದೇವರೇ ಬಲ್ಲ.

ನಾನು ವೃತ್ತಿಯಿಂದ ನಕ್ಷೆ ಎಳೆಯುವವನು. ಡ್ರಾಫ್ಟ್ಸ್‌ಮನ್. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದೆ. ಎಳೆದ ನಕ್ಷೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದರಲ್ಲಿ ಸುಳ್ಳು ಬರೆದೆ. ಅದು ಕುವೈತಿನ ಮಿರ್ಕಾಬಿನಲ್ಲಿದ್ದ, ತುರ್ಕರ ಕಾಲದ ಒಂದು ಪುಟ್ಟ ಮಸೀದಿಯ ನಕ್ಷೆ. ಬೇರೆ ಎಲ್ಲಿ ಸುಳ್ಳು ಬರೆದಿದ್ದರೂ ನಡೆದುಹೋಗುತ್ತಿತ್ತೋ ಏನೋ. ನನ್ನ ಹಣೆಬರಹ ನೋಡಿ, ಆ ವರ್ಷವೇ ಯುದ್ಧ ಬಂತು.

ತೊಂಬತ್ತನೇ ಇಸವಿ ಫೆಬ್ರವರಿ. ಕುವೈತಿನಲ್ಲಿ ಚಳಿ ಅಂದರೆ ನಂಬದವರು ಇವತ್ತಿಗೂ ಇದ್ದಾರೆ. ಮರುಭೂಮಿಯ ಚಳಿ ಹಲ್ಲು ಕಟಕಟ ಅನ್ನಿಸುತ್ತದೆ. ಮಿರ್ಕಾಬಿನಲ್ಲಿ ಗಾಜಿನ ಕಟ್ಟಡಗಳ ನಡುವೆ ನಮ್ಮ ಆಫೀಸು. ಅದರ ಹಿಂದಿನ ಗಲ್ಲಿಯಲ್ಲಿ, ಬಹುಮಹಡಿ ಕಾರ್ ಪಾರ್ಕಿನ ನೆರಳಿನಲ್ಲಿ, ಮಣ್ಣಿನ ಬಣ್ಣದ ಒಂದು ತಗ್ಗು ಗೋಡೆ. ಮೂರು ವರ್ಷ ದಿನಾ ಅದರ ಪಕ್ಕದಲ್ಲೇ ಓಡಾಡಿದ್ದರೂ ಅದು ಮಸೀದಿ ಎಂದು ನಾನು ಗಮನಿಸಿರಲಿಲ್ಲ. ಮಿನಾರವೋ, ನಮ್ಮೂರಿನ ನೀರಿನ ಟ್ಯಾಂಕಿಗಿಂತ ಗಿಡ್ಡ. ಒಂದು ದಿನ ಮುದೀರ್, ಅಂದರೆ ನಮ್ಮ ಮ್ಯಾನೇಜರು, ನನ್ನನ್ನೂ ಸರ್ವೇಯರ್ ಲಿಗೋರಿಯನ್ನೂ ಕರೆದು, "ಆ ಮಸೀದಿಯ ಚಾವಣಿ ರಿಪೇರಿ ಮಾಡಬೇಕಂತೆ. ಅದರ ನಕ್ಷೆ ಯಾರ ಹತ್ತಿರವೂ ಇಲ್ಲ. ಅಳೆದು ಬರೆದು ಕೊಡಿ. ಯಲ್ಲಾ, ಹೊರಡಿ" ಎಂದರು.

ಬಾಗಿಲು ತೆರೆದವರು ಬು ಸಾಲೆಮ್. ಹೆಸರಿಗೆ ಸಾಲೆಮನ ಅಪ್ಪ ಎಂದರ್ಥ. ಎಪ್ಪತ್ತು ದಾಟಿದ ಕುವೈತಿ ಮುದುಕರು. ಆ ಮಸೀದಿಯಲ್ಲಿ ಐದು ಹೊತ್ತು ಆಜಾನ್ ಕೂಗುವವರು ಅವರೇ, ಗುಡಿಸುವವರೂ ಅವರೇ. ಅವರಿಗಿಂತ ಮುಂಚೆ ಅವರ ತಂದೆ ಆ ಕೆಲಸ ಮಾಡುತ್ತಿದ್ದರಂತೆ. ಎಣ್ಣೆ ಸಿಕ್ಕುವುದಕ್ಕೆ ಮುಂಚಿನ ಕುವೈತಿನಲ್ಲಿ ಬು ಸಾಲೆಮ್ ಹಾಯಿಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದರು. ಬಸ್ರಾದ ಖರ್ಜೂರ ತುಂಬಿಕೊಂಡು ಹೋಗಿ ನಮ್ಮ ಕರಾವಳಿಯಲ್ಲಿ ಇಳಿಸಿ, ಮರ ಮತ್ತು ತೆಂಗಿನ ಹಗ್ಗ ತುಂಬಿಕೊಂಡು ವಾಪಸ್ಸು ಬರುವ ಹಡಗು. ಲಿಗೋರಿ ಮಂಗಳೂರಿನವನೆಂದು ಗೊತ್ತಾದ ಮೇಲೆ ಕೇಳಬೇಕೆ! ಅವನ ಎರಡೂ ಕೈ ಹಿಡಿದುಕೊಂಡು, ಹಡಗಿನಲ್ಲಿ ಕಲಿತ ಹರುಕು ಹಿಂದಿಯಲ್ಲಿ, "ನಿನ್ನ ಊರಿನಲ್ಲಿ ನದಿ ಸಮುದ್ರ ಸೇರುವಲ್ಲಿ ಮರಳದಿಬ್ಬ ಇದೆಯಲ್ಲ, ಅದು ಎರಡು ಸಲ ನನ್ನ ಹಡಗು ಹಿಡಿದುಕೊಂಡಿತ್ತು" ಎಂದು ದೂರು ಹೇಳಿದರು. ಅದೇನೋ ಲಿಗೋರಿಯ ಅಪ್ಪನೇ ಹಾಕಿಟ್ಟ ಮರಳು ಅನ್ನುವ ಹಾಗೆ. ಅವರ ಹಿಂದಿಯನ್ನು ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅದರ ಸೊಗಸು ಬರುವುದಿಲ್ಲ, ಇರಲಿ.

ಮಸೀದಿಯನ್ನು ಅವರು ತಮ್ಮ ಹಡಗೇ ಎಂಬಂತೆ ತೋರಿಸಿದರು. ಗೋಡೆ ಸಮುದ್ರದಿಂದ ತೆಗೆದ ಹವಳದ ಕಲ್ಲು ಮತ್ತು ಮಣ್ಣಿನದು. ಮೇಲೆ ಜಿಪ್ಸಂ ಗಾರೆ. ಚಾವಣಿಗೆ ಆಫ್ರಿಕಾದಿಂದ ಹಡಗಿನಲ್ಲಿ ತಂದ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ಗಳುಗಳು. ಆ ಗಳು ಸಿಗುವುದೇ ಹತ್ತು ಹನ್ನೆರಡು ಅಡಿ ಉದ್ದದ್ದು. ಅದಕ್ಕೇ ಹಾಲ್ ಎಷ್ಟು ಉದ್ದವಿದ್ದರೂ ಅಗಲ ಮಾತ್ರ ಒಂದು ಗಳುವಿನಷ್ಟೇ. ಗಳುವಿನ ಮೇಲೆ ಸೀಳಿದ ಬಿದಿರು, ಅದರ ಮೇಲೆ ಜೊಂಡಿನ ಚಾಪೆ, ಚಾಪೆಯ ಮೇಲೆ ಹುಲ್ಲು ಕಲಸಿದ ಮಣ್ಣು. ಮಳೆ ಬಂದರೆ ನೀರು ಹೋಗಲು ಚಾವಣಿಯಂಚಿಗೆ ಮರದ ದೋಣಿ. ಮುಂದೆ ಅಂಗಳ, ಅಂಗಳಕ್ಕೊಂದು ಉಪ್ಪು ನೀರಿನ ಬಾವಿ. ಬೇಸಿಗೆಯಲ್ಲಿ ನಮಾಜು ಅಂಗಳದಲ್ಲಿ, ಚಳಿಗಾಲದಲ್ಲಿ ಒಳಗೆ. ಬಾಗಿಲು ಮಾತ್ರ ನಮ್ಮ ಕಡೆಯ ಸಾಗುವಾನಿ. ಅದಕ್ಕೆ ವರ್ಷಕ್ಕೊಮ್ಮೆ ಬು ಸಾಲೆಮ್ ಹಡಗಿಗೆ ಬಳಿಯುವ ಮೀನೆಣ್ಣೆಯನ್ನೇ ಬಳಿಯುತ್ತಿದ್ದರು. ನಮಾಜಿಗೆ ಬರುವ ಸೂಟುಬೂಟಿನ ಬ್ಯಾಂಕಿನವರು ಮೂಗು ಮುರಿದರೆ, "ಈ ವಾಸನೆ ನಿಮ್ಮ ತಾತಂದಿರದ್ದು" ಎಂದು ಬಾಯಿ ಮುಚ್ಚಿಸುತ್ತಿದ್ದರು. ಮುಂಗೋಪಿ ಮನುಷ್ಯ. ಆದರೆ ಆ ತಣ್ಣನೆಯ ನೆಲದ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿಯುವಾಗ ನನಗೆ ಕುವೈತಿಗೆ ಬಂದ ಮೇಲೆ ಮೊದಲ ಸಲ ಒಂದು ಮನೆಗೆ ಬಂದೆ ಅನ್ನಿಸಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮುಂದೂಡಿ ಪ್ರಯೋಜನವಿಲ್ಲ.

ಹೊರಗಿನ ಅಳತೆ ಎಲ್ಲ ಗಲ್ಲಿಯಿಂದಲೇ ಆಯಿತು. ಒಳಗೆ ಹೋದೆವು. ಉದ್ದಕ್ಕೂ ಕಂಬಳಿಯಂಥ ಜಮಖಾನ. ಎದುರಿಗೆ ಮೆಕ್ಕಾದ ದಿಕ್ಕಿನ ಗೋಡೆ. ಎಲ್ಲರೂ ಅದಕ್ಕೆ ಮುಖ ಮಾಡಿ ನಮಾಜು ಮಾಡುವುದು. ಅದರ ನಡುವೆ ಮಿಹ್ರಾಬ್ ಎಂಬ ಕಮಾನಿನ ಗೂಡು. ಲಿಗೋರಿ ಟೇಪು ಹಿಡಿದು ಸೀದಾ ಗೂಡಿನ ತನಕ ಹೋಗಿ ನಿಂತ. ನಾನು ಬಾಗಿಲ ಬಳಿಯೇ ಉಳಿದೆ.

"ಬಾ ಮಾರಾಯ! ಮೂಲೆಯಿಂದ ಮೂಲೆಗೆ ಡಯಾಗನಲ್ ತೆಗೀದೆ ಎಂತ ಸರ್ವೇ?"

"ಅಲ್ಲಿ ಅವರು ಹಣೆ ಮುಟ್ಟಿಸಿ ನಮಸ್ಕಾರ ಮಾಡೋ ಜಾಗ ಕಣೋ. ಅಲ್ಲಿ ನಾನು ಕಾಲಿಟ್ಕೊಂಡು, ಟೇಪ್ ಎಳ್ಕೊಂಡು ಓಡಾಡೋದಾ? ನಮ್ಮೂರಲ್ಲಿ ಗರ್ಭಗುಡಿ ಒಳಗೆ ಹೀಗೆ ನುಗ್ತೀವಾ?"

"ಅಯ್ಯೋ, ಇದೆಂತ ಗರ್ಭಗುಡಿಯಾ? ಅವರೇ ಬಾ ಬಾ ಹೇಳ್ತಾ ಇದ್ದಾರೆ!"

ಬು ಸಾಲೆಮ್ ನಿಜವಾಗಿಯೂ ಕೈಬೀಸಿ ಕರೆಯುತ್ತಿದ್ದರು. ನಾನು ಹೋಗಲಿಲ್ಲ. ದೇವರ ಮುಂದೆ ಚಪ್ಪಲಿ ಬಿಟ್ಟರೆ ಸಾಲದು, ಹದ್ದಿನಲ್ಲೂ ಇರಬೇಕು ಎಂದು ಬೆಳೆಸಿದ ಮೈ ಇದು, ಕಾಲೇ ಬರಲಿಲ್ಲ. ಅದನ್ನು ಮರ್ಯಾದೆ ಅಂದುಕೊಂಡಿದ್ದೆ. ಆ ಗೋಡೆಯ ಒಂದು ತುದಿಯಲ್ಲಿ ಗಲ್ಲಿಗೆ ತೆರೆದ ಪುಟ್ಟ ಕಿಟಕಿಯಿತ್ತು. ಆಚೆ ಹೋಗಿ ಆ ಕಿಟಕಿಯಲ್ಲಿ ಗೋಡೆಯ ದಪ್ಪ ಅಳೆದುಕೊಂಡೆ. ಇಡೀ ಗೋಡೆ ಅಷ್ಟೇ ದಪ್ಪ ಇರಬೇಕು ಎಂದು ತೀರ್ಮಾನಿಸಿದೆ. ಅಷ್ಟು ಹೊತ್ತಿಗೆ ಆಜಾನಿನ ಸಮಯವಾಯಿತು, ಲಿಗೋರಿ ಟೇಪು ಸುತ್ತಿದ.

ಸರಿ, ಅಳೆಯಲಿಲ್ಲ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮೂಲೆಯಿಂದ ಮೂಲೆಗೆ ತೆಗೆಯುವ ಎರಡು ಕರ್ಣಗಳ ಅಳತೆ ಇಲ್ಲದ ನಕ್ಷೆಯನ್ನು ಮುದೀರ್ ಮುಖಕ್ಕೆ ಎಸೆಯುತ್ತಿದ್ದರು. ಆಫೀಸಿನಲ್ಲಿ ಕೂತು, ಕ್ಯಾಲ್ಕುಲೇಟರಿನಲ್ಲಿ ಒತ್ತಿ, ಕೋಣೆ ಮೂಲೆಮಟ್ಟಕ್ಕಿದ್ದರೆ ಎಷ್ಟು ಬರಬೇಕೋ ಅಷ್ಟನ್ನು ಎರಡೂ ಕರ್ಣಕ್ಕೆ ಬರೆದೆ. ಕೆಳಗೆ "ಸ್ಥಳದಲ್ಲಿ ಅಳೆದು ಪರೀಕ್ಷಿಸಿದೆ" ಎಂದು ಸಹಿ ಹಾಕಿದೆ. ಲಿಗೋರಿ ನಕ್ಷೆ ನೋಡಿ, "ಇದು ಯಾವಾಗ ತೆಗೆದದ್ದು?" ಅಂದ.

"ನೀನು ಚಹಾ ಕುಡೀತಾ ಕೂತಿದ್ಯಲ್ಲ, ಆವಾಗ. ಬು ಸಾಲೆಮ್ ಟೇಪ್ ಹಿಡಿದ್ರು" ಎಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ.

ರಂಜಾನ್ ಬಂತು. ನಕ್ಷೆಯ ಕೆಲಸ ಮುಗಿದಿದ್ದರೂ ಸಂಜೆಯಾದರೆ ಕಾಲು ಆ ಗಲ್ಲಿಗೇ ಹೋಗುತ್ತಿತ್ತು. ಉಪವಾಸ ಮಾಡದ ನಮ್ಮಿಬ್ಬರಿಗೂ ಬು ಸಾಲೆಮ್ ಮೊದಲು ಖರ್ಜೂರ ಕೊಟ್ಟೇ ತಾವು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಗೋಧಿ ಮತ್ತು ಮಾಂಸ ಹಾಕಿ ಬೇಯಿಸಿದ ಹರೀಸ್ ಎರಡು ಬಟ್ಟಲು ಬರುತ್ತಿತ್ತು. ನನ್ನ ಪಾಲನ್ನೂ ಲಿಗೋರಿಯೇ ಸ್ವಾಹಾ ಮಾಡುತ್ತಿದ್ದ. ಇದು ಗೊತ್ತಾದ ದಿನ ಮುದುಕರು ಲಿಗೋರಿಗೆ ಬೈದು, ಮರುದಿನದಿಂದ ನನಗೆಂದು ಬರೀ ಗೋಧಿ ಬೇಯಿಸಿ ಸಕ್ಕರೆ ಹಾಕಿಸಿ ತರಿಸಿದರು. ಏಪ್ರಿಲ್‌ನಲ್ಲಿ ಗುಡುಗಿ ಒಂದು ಮಳೆ ಬಂತು. ಅಂಗಳದ ತಗಡು ಚಪ್ಪರದ ಕೆಳಗೆ ನಿಂತು ಚಾವಣಿಯ ಮಣ್ಣು ನೆನೆದ ವಾಸನೆ ಕುಡಿದೆವು. ಜೂನ್‌ನಲ್ಲಿ ಧೂಳಿನ ಗಾಳಿ ಎದ್ದು ಮಧ್ಯಾಹ್ನವೇ ಊರು ಕೆಂಪಾಯಿತು. ನಾನು ನಕ್ಷೆಯ ಒಂದು ಪ್ರತಿಯನ್ನು ಮುದುಕರಿಗೆ ಕೊಟ್ಟೆ. ಅವರದನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ ಇಟ್ಟು, ಮಕ್ಕಳು ಚಿತ್ರ ನೋಡುವ ಹಾಗೆ ನೋಡಿದರು. ಜೀವನದಲ್ಲಿ ಅಂಥ ಸುಖದ ದಿನಗಳು ನನಗೆ ಮತ್ತೆ ಬರಲಿಲ್ಲ. ಒಳಗೊಳಗೇ ಒಂದು ಮುಳ್ಳು ಮಾತ್ರ ಚುಚ್ಚುತ್ತಿತ್ತು. ರಿಪೇರಿ ಬರೀ ಚಾವಣಿಯದು ತಾನೇ, ಗೋಡೆಯನ್ನು ಯಾರು ಮುಟ್ಟುತ್ತಾರೆ ಎಂದು ಅದನ್ನು ಸಮಾಧಾನ ಮಾಡುತ್ತಿದ್ದೆ.

ಆಗಸ್ಟ್ ಎರಡರ ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ನಮ್ಮಿಬ್ಬರ ಹೆಂಡತಿ ಮಕ್ಕಳು ರಜೆಗೆ ಊರಿಗೆ ಹೋಗಿದ್ದರು, ಅದೊಂದು ದೇವರ ದಯೆ. ಆಫೀಸು ಬಂದ್. ಬೆವರು ಸುರಿಯುವ ಸೆಖೆಯಲ್ಲಿ ಬ್ರೆಡ್ಡಿಗೆ ಸಾಲು, ನೀರಿಗೆ ಸಾಲು. ಬು ಸಾಲೆಮ್ ಒಂದು ಹೊತ್ತೂ ಆಜಾನ್ ತಪ್ಪಿಸಲಿಲ್ಲ. ಕರೆಂಟಿಲ್ಲದ ದಿನ ಮೈಕಿಲ್ಲದೆ ಆ ಗಿಡ್ಡ ಮಿನಾರ ಹತ್ತಿ ಕೂಗುತ್ತಿದ್ದರು. ಆ ಸ್ವರ ಕೇಳಿದರೆ ನಮಗೂ, ಇವತ್ತು ಇನ್ನೂ ಬದುಕಿದ್ದೇವೆ ಅನ್ನಿಸುತ್ತಿತ್ತು.

ಸೆಪ್ಟೆಂಬರಿನಲ್ಲಿ ನಾವು ಬಾಗ್ದಾದಿನ ಬಸ್ಸು ಹಿಡಿದೆವು. ಹೊರಡುವ ಬೆಳಿಗ್ಗೆ ಹೇಳಿ ಬರೋಣವೆಂದು ಹೋದರೆ ಮುದುಕರು ಬಾವಿಕಟ್ಟೆಯ ಮೇಲೆ ಕೂತಿದ್ದರು. "ಈ ಸೈನಿಕರು ಇದನ್ನು ಕೆಡವಿದರೆ ಏನು ಮಾಡೋದು ಅಂತ ಯೋಚಿಸ್ತಿದ್ದೆ" ಎಂದರು. "ಆಮೇಲೆ ನಿನ್ನ ಕಾಗದ ನೆನಪಾಯ್ತು. ಎಲ್ಲ ಗೋಡೆಯೂ ಅದರಲ್ಲಿದೆ ಅಲ್ಲವಾ?"

"ಇದೆ" ಎಂದೆ.

"ಒಂದೊಂದು ಗೋಡೆಯೂ?"

"ಒಂದೊಂದೂ."

"ಹಾಗಾದರೆ ನನಗೆ ಭಯವಿಲ್ಲ. ನೀವು ಹೋಗಿ" ಎಂದರು. ಹೇಳಿಬಿಡಲು ಬಾಯಿ ತೆರೆದೆ. ಗಲ್ಲಿಯ ತುದಿಯಿಂದ ಲಿಗೋರಿ "ಚಲೋ, ಬಸ್ಸು ಬಿಡ್ತದೆ!" ಎಂದು ಕೂಗಿದ. ನನಗೆ ಅಷ್ಟೇ ಬೇಕಾಗಿತ್ತು, ಓಡಿಹೋದೆ. ಬಾಗ್ದಾದ್, ಅಮ್ಮಾನ್, ನಡುವೆ ಮರಳಿನ ಮೇಲಿನ ಡೇರೆಗಳು, ಬೊಂಬಾಯಿಯ ವಿಮಾನ, ಇವೆಲ್ಲವನ್ನೂ ಬೇರೆಯವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಮೈಸೂರಿನಲ್ಲಿ ಹತ್ತು ತಿಂಗಳು ಮಾವನ ಮನೆಯಲ್ಲಿ ಕೆಲಸವಿಲ್ಲದೆ ಕೂತೆ. ನನ್ನ ಹೆಂಡತಿ ವಸಂತಾ ಒಂದು ಮಾತೂ ಆಡಲಿಲ್ಲ. ಅವಳ ತಮ್ಮಂದಿರು ಆಡಿದರು.

ತೊಂಬತ್ತೊಂದರ ಜುಲೈಯಲ್ಲಿ ಮುದೀರ್ ನಮ್ಮನ್ನು ವಾಪಸ್ಸು ಕರೆಸಿಕೊಂಡರು. ವಿಮಾನ ಇಳಿದಾಗ ಹಗಲು ಹನ್ನೊಂದು ಗಂಟೆ. ಆದರೆ ಕಾರುಗಳು ದೀಪ ಹಾಕಿಕೊಂಡು ಓಡುತ್ತಿದ್ದವು. ಹೊತ್ತಿ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆ ಆಕಾಶವನ್ನೇ ನುಂಗಿತ್ತು. ಬಿಳಿ ಅಂಗಿ ಒಂದು ಗಂಟೆಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಆಫೀಸಿನಲ್ಲಿ ಒಂದು ಕಾಗದವೂ ಉಳಿದಿರಲಿಲ್ಲ, ನಕ್ಷೆಗಳೆಲ್ಲ ಸುಟ್ಟುಹೋಗಿದ್ದವು. ಮುದೀರ್ ನನ್ನನ್ನು ಕಂಡವರೇ ಮೇಜಿನ ಮೇಲೆ ಒಂದು ಸುರುಳಿ ಬಿಚ್ಚಿದರು.

"ನೋಡು ಮೂರ್ತಿ, ನಿನ್ನದೊಂದೇ ಉಳಿದದ್ದು! ಮಸೀದಿ ಸುಟ್ಟು ಬಿದ್ದಿದೆ. ಆ ಮುದುಕ ಇದನ್ನು ಕಾಪಾಡಿ ತಂದುಕೊಟ್ಟ. ಇದ್ದ ಹಾಗೇ ಮತ್ತೆ ಕಟ್ಟಬೇಕು. ಶನಿವಾರ ಬುಲ್ಡೋಜರ್ ಬಂದು ಹಳೆ ತಳಪಾಯ ಕಿತ್ತು ನೆಲ ಸಾಫು ಮಾಡುತ್ತದೆ. ನಿನ್ನ ನಕ್ಷೆಯ ಪ್ರಕಾರ ಹೊಸ ತಳಪಾಯ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ನಾನು ಅವರು ಹೊಗಳಿದ್ದಕ್ಕೇ ಬೆವರಿದೆ. ಆ ಗೋಡೆಯ ಇನ್ನೊಂದು ತುದಿ ನಿಜವಾಗಿ ಹೇಗಿತ್ತೋ ನನಗೆ ಗೊತ್ತೇ ಇರಲಿಲ್ಲ. ನಾನು ಬರೆದದ್ದು ಸರಿಯೇ ಇದ್ದೀತು, ತಪ್ಪೂ ಇದ್ದೀತು. ಹಳೆ ತಳಪಾಯ ಕಿತ್ತ ಮೇಲೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವ ದಾರಿ ಇರುತ್ತಿರಲಿಲ್ಲ. ಮುಂದೆ ತಲೆತಲಾಂತರ ಜನ ಮುಖ ಮಾಡಿ ನಿಲ್ಲುವ ಗೋಡೆ ನನ್ನ ಕ್ಯಾಲ್ಕುಲೇಟರಿನದಾಗುತ್ತಿತ್ತು.

ಗುರುವಾರ ಲಿಗೋರಿಗೆ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. "ನನಗೂ ಸುಳ್ಳು ಹೇಳಿದ್ಯಾ? ಟೇಪಿನ ಇನ್ನೊಂದು ತುದಿ ಹಿಡಿಯುವವನಿಗೇ?" ಎಂದ. ಅದಕ್ಕಿಂತ ಅವನು ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. "ಹೋಗಿ ಮುದೀರ್‌ಗೆ ಹೇಳು. ಈಗಲೇ."

ಹೋದೆ. ಮುದೀರ್ ಕೇಳಿಸಿಕೊಂಡು ಬಾಗಿಲು ಹಾಕಿದರು. "ಈ ನಕ್ಷೆಗೆ ಮಂಜೂರಾತಿ ಸಿಕ್ಕಿದೆ. ಯಾರಿಗೆ ಕಾಣುತ್ತೆ ಒಂದು ಗೇಣು ಎರಡು ಗೇಣು? ನಿನ್ನ ಇಕಾಮಾ ಇನ್ನೂ ಆಗಿಲ್ಲ, ನೆನಪಿರಲಿ. ಖಲಾಸ್, ಮಾತು ಮುಗೀತು" ಎಂದರು. ಇಕಾಮಾ ಎಂದರೆ ಅಲ್ಲಿ ಬದುಕಲು ಬೇಕಾದ ಪರವಾನಗಿ. ಅದಿಲ್ಲದಿದ್ದರೆ ಮತ್ತೆ ಮಾವನ ಮನೆಯ ಜಗಲಿ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವನ ಪಾಡಾಯಿತು ನನ್ನದು. ಶುಕ್ರವಾರ ಇಡೀ ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಗಲ್ಲಿಗೆ ಹೋದಾಗ ಬುಲ್ಡೋಜರ್ ಆಗಲೇ ಗುರುಗುಟ್ಟುತ್ತಿತ್ತು. ಓಡಿಸುವವನು ಖಾನ್ ಎಂಬ ಪಠಾಣ. ಮಸೀದಿ ಇದ್ದ ಕಡೆ ಸುಟ್ಟ ಗಳುಗಳ ಕಪ್ಪು ರಾಶಿ. ಮೆಕ್ಕಾದ ದಿಕ್ಕಿನ ಗೋಡೆ ಪೂರ್ತಿ ಮಲಗಿತ್ತು. ಬು ಸಾಲೆಮ್ ಬಾವಿಕಟ್ಟೆಯ ಮೇಲೆ ಕೂತಿದ್ದರು. ಹತ್ತು ತಿಂಗಳಲ್ಲಿ ಇಪ್ಪತ್ತು ವರ್ಷ ಮುದುಕರಾಗಿದ್ದರು. ನನ್ನನ್ನು ಕಂಡು ಎದ್ದು ಅಪ್ಪಿಕೊಂಡರು. ಆದರೆ ಮುಖದಲ್ಲಿ ಹಳೆಯ ಜೋರು ಇರಲಿಲ್ಲ.

"ನಕ್ಷೆ ಎಲ್ಲಿಟ್ಟಿದ್ರಿ?" ಎಂದು ಕೇಳಿದೆ. ಎದೆಯ ಮಾತು ಹೇಳಲು ಧೈರ್ಯ ಬಾರದೆ ಕೇಳಿದ್ದು.

"ಯಾರ ಹತ್ತಿರವಾದರೂ ನಕ್ಷೆ ಸಿಕ್ಕರೆ ಗೂಢಚಾರ ಅಂತ ಹಿಡಿದುಕೊಂಡು ಹೋಗ್ತಿದ್ದರು. ನನ್ನ ಕಫನ್ ಬಟ್ಟೆ ಮೊದಲೇ ತಂದಿಟ್ಟಿದ್ದೆ, ಸತ್ತಾಗ ಹೊದಿಸೋದು. ಅದರ ಮಡಿಕೆಯಲ್ಲಿ ಇಟ್ಟೆ. ಎರಡು ಸಲ ಮನೆ ಶೋಧಿಸಿದರು. ಕಫನ್ ಮುಟ್ಟಲಿಲ್ಲ."

ಅಯ್ಯೋ ಶಿವನೇ! ನನ್ನ ಕಾಲಡಿಯ ನೆಲ ಬಿರಿಯಬಾರದೆ ಅನ್ನಿಸಿತು. ಇಕಾಮಾ, ಮಾವನ ಮನೆ, ಭಾಮೈದುನರು, ಎಲ್ಲ ಹಾಳಾಗಿಹೋಗಲಿ.

"ಬು ಸಾಲೆಮ್, ಆ ಕಾಗದ ಸುಳ್ಳು" ಎಂದೆ. "ಆ ಗೋಡೆ ನಾನು ಅಳೆಯಲೇ ಇಲ್ಲ. ನೀವು ಹಣೆ ಇಡೋ ಜಾಗ ಅಂತ ಒಳಗೆ ಬರಲಿಲ್ಲ. ಕಿಟಕಿಯಲ್ಲಿ ದಪ್ಪ ನೋಡಿ, ಉಳಿದದ್ದು ನಾನೇ ಬರೆದೆ. ಅಳೆದೆ ಅಂತ ಸಹಿ ಹಾಕಿದೆ. ಬುಲ್ಡೋಜರ್ ನಿಲ್ಲಿಸಿ. ನಿಜವಾದ ತಳಪಾಯ ಇನ್ನೂ ಮಣ್ಣಿನಲ್ಲಿದೆ."

ಅವರು ನನ್ನನ್ನು ಬೈಯಲಿಲ್ಲ, ಕಫನ್ನಿನ ಮಾತೂ ಎತ್ತಲಿಲ್ಲ. ಕಣ್ಣು ಅಗಲಿಸಿ, "ಸುಳ್ಳಾ? ಆ ಗೋಡೆ ಸುಳ್ಳಾ?" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಆಮೇಲೆ ತಿರುಗಿ ಬುಲ್ಡೋಜರಿನ ಹಲ್ಲಿನ ಮುಂದೆ ಹೋಗಿ ಕೈಯೆತ್ತಿ ನಿಂತುಬಿಟ್ಟರು. ಖಾನ್ ಎಂಜಿನ್ ಆರಿಸಿ, "ಬಾಬಾ ಬೋಲಾ ತೋ ಬಂದ್" ಎಂದು ಬೀಡಿ ಹಚ್ಚಿದ.

ಲಿಗೋರಿಗೆ ಫೋನು ಮಾಡಿಸಿದೆ. ಅವನು ಟೇಪು, ಸಲಿಕೆ ಹಿಡಿದುಕೊಂಡು ಬಂದ. ನನ್ನ ಜೊತೆ ಮಾತಿಲ್ಲ, ಆದರೆ ಬಂದ. ನಾವು ಮೂವರೂ ಖಾನ್ ಜೊತೆ ಸೇರಿ ಕೈಯಿಂದಲೇ ಕಲ್ಲು ಎತ್ತಿ ಹಾಕಿದೆವು. ನಾನು ಆ ಗೋಡೆಯ ಮುಂದಿನ ನೆಲದ ಮೇಲೆ ಮೊಣಕಾಲೂರಿ ಬೆರಳಿನಿಂದ ಮಸಿ ಕೆರೆದೆ. ಒಂಬತ್ತು ಗಂಟೆಗೆ ಕಿಟಕಿಯ ಕಡೆಯ ತಳಪಾಯ ಕಂಡಿತು. ಅಲ್ಲಿ ನನ್ನ ಅಳತೆ ಸರಿಯಾಗಿತ್ತು. ಹತ್ತೂವರೆಗೆ ಇನ್ನೊಂದು ತುದಿ ಕಂಡಿತು. ಅಲ್ಲಿ ಗೋಡೆ ಒಂದೂವರೆ ಮೊಳ ಹೆಚ್ಚು ದಪ್ಪ.

ಲಿಗೋರಿ ಕೂತು ನೋಡಿದ. "ಎರಡು ಗೋಡೆ ಇದೆ ಮಾರಾಯ" ಎಂದ. ನನ್ನ ಜೊತೆ ಮಾತಾಡಬಾರದು ಎಂಬುದು ಅವನಿಗೆ ಮರೆತೇಹೋಗಿತ್ತು. "ಮೊದಲನೇದು ಗಲ್ಲಿಯ ಗೆರೆಗೆ ಸರಿಯಾಗಿ ಕಟ್ಟಿದ್ದು. ಆಮೇಲೆ ಯಾರೋ ಒಳಗಿನಿಂದ ಈ ಬೆಣೆ ಸೇರಿಸಿದ್ದಾರೆ. ಗಾರೆ ಬೇರೆ, ಕಲ್ಲು ಬೇರೆ. ಒಂದು ತುದಿಗೆ ಏನೂ ಇಲ್ಲ, ಈ ತುದಿಗೆ ಇಷ್ಟು ದಪ್ಪ."

ತುರ್ಕರ ಕಾಲದಲ್ಲಿ ಯಾರೋ ಗಲ್ಲಿಯ ಗೆರೆ ಹಿಡಿದು ಮಸೀದಿ ಕಟ್ಟಿದ್ದರು. ಯಾರೋ ಒಬ್ಬ, ಮೆಕ್ಕಾಕ್ಕೆ ಹೋಗಿ ಬಂದ ಹಡಗಿನವನೇ ಇರಬೇಕು, ದಿಕ್ಕು ತಪ್ಪಿದ್ದನ್ನು ಕಂಡು ಕೆಡವದೆ, ಗಲಾಟೆ ಮಾಡದೆ, ಬೆಣೆ ಇಟ್ಟು ಗೋಡೆಯ ಒಳಮೈಯನ್ನು ಮೆಕ್ಕಾದ ಕಡೆ ತಿರುಗಿಸಿ ತಿದ್ದಿದ್ದ. ನಾನು ಆ ತಿದ್ದುಪಡಿಯನ್ನು ಅಳಿಸಿಹಾಕಿ ಹಳೇ ತಪ್ಪನ್ನೇ ಮತ್ತೆ ಬರೆದಿದ್ದೆ.

ಇದನ್ನು ಬು ಸಾಲೆಮ್‌ಗೆ ಹೇಳಿದೆ. ಅವರು ಜೇಬಿನಿಂದ ಹಡಗಿನ ಕಾಲದ ಹಿತ್ತಾಳೆ ಕಂಪಾಸು ತೆಗೆದು, ಬೆಣೆಯ ಒಳಮೈಗೆ ಒತ್ತಿ ಇಟ್ಟರು. ಮುಳ್ಳು ಅಲ್ಲಾಡಿ ಅಲ್ಲಾಡಿ ನಿಂತಿತು. ನೋಡಿದವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು.

"ಅಕ್ಟೋಬರಿನಲ್ಲಿ ಸೈನಿಕರು ಮಸೀದಿಗೆ ಬೀಗ ಹಾಕಿದರು" ಎಂದರು. "ಮನೆಯಲ್ಲಿ ಕೂತು ನಿನ್ನ ಕಾಗದ ಬಿಚ್ಚಿ ನೋಡ್ತಿದ್ದೆ. ಅದರಲ್ಲಿ ಉತ್ತರದ ಬಾಣ ಇತ್ತು. ಒಂದು ದಿನ ಸುಮ್ಮನೆ ಕಂಪಾಸು ಇಟ್ಟೆ. ಗೋಡೆ ಮೆಕ್ಕಾ ಬಿಟ್ಟು ಪಕ್ಕಕ್ಕೆ ತಿರುಗಿತ್ತು. ಇಷ್ಟು ತಪ್ಪಿದರೆ ಮಂಗಳೂರಿಗೆ ಹೊರಟ ಹಡಗು ಕಲ್ಲಿಕೋಟೆಗೆ ಹೋಗುತ್ತೆ! ಗೋಡೆ ಇದ್ದಾಗ ಯಾರಾದರೂ ಕಂಪಾಸು ಹಿಡೀತಾರಾ? ನಾನು ಹಿಡಿದಿರಲಿಲ್ಲ. ನನ್ನ ಅಪ್ಪ ಐವತ್ತು ವರ್ಷ ಆ ಗೋಡೆಗೆ ಮುಖ ಮಾಡಿ ನಿಂತ. ಅಲ್ಲಾಹ್ ಮನಸ್ಸು ನೋಡ್ತಾನೆ, ಗೋಡೆ ನೋಡಲ್ಲ, ಅದು ನನಗೂ ಗೊತ್ತು. ಆದರೆ ನಾನು ಚುಕ್ಕಾಣಿ ಹಿಡಿದವನು. ನನಗೆ ನಿದ್ದೆ ಬರಲಿಲ್ಲ. ಇಂಜಿನಿಯರ್ ಅಳೆದದ್ದು, ಅದು ತಪ್ಪಿರಲ್ಲ, ಅಪ್ಪನೇ ತಪ್ಪಿ ನಿಂತಿದ್ದ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ, ಮಗನಿಗೂ."

ನನ್ನ ಸುಳ್ಳು ಗೋಡೆಗೆ ಮಾತ್ರ ತಗುಲೀತು ಎಂದು ನಾನು ಹೆದರಿದ್ದೆ. ಅದು ಆಗಲೇ ಈ ಮನುಷ್ಯನ ಒಂಬತ್ತು ತಿಂಗಳನ್ನು ತಿಂದು ಮುಗಿಸಿತ್ತು, ಯುದ್ಧದ ನಡುವೆ, ಸತ್ತ ತಂದೆಯ ಮೇಲಿನ ನಂಬಿಕೆಯ ಸಮೇತ.

"ಅಪ್ಪ ನೇರ ನಿಂತಿದ್ದನಾ?" ಎಂದು ಕೇಳಿದರು.

"ನೇರ ನಿಂತಿದ್ದರು" ಎಂದೆ.

"ಸರಿಯಾಗಿ ನೋಡಿ ಹೇಳು. ಈ ಸಲ ಅಳೆದು ಹೇಳು."

ಲಿಗೋರಿ ಒಂದು ಮೂಲೆ ಹಿಡಿದ, ನಾನು ಎದುರು ಮೂಲೆಗೆ ಹೋದೆ. ಎರಡೂ ಕರ್ಣ ತೆಗೆದೆವು. ಒಂದಕ್ಕೊಂದು ಸಮವಿರಲಿಲ್ಲ. ಬೆಣೆ ಇದ್ದ ಮೇಲೆ ಇರಬಾರದಿತ್ತು. ನಾನು ಅಂಕಿಗಳನ್ನು ಗಟ್ಟಿಯಾಗಿ ಓದಿ, ಅವರ ಕಂಪಾಸಿನ ಜೊತೆ ಹೊಂದಿಸಿ, "ನಿಮ್ಮ ಅಪ್ಪ ನೇರ ನಿಂತಿದ್ದರು" ಎಂದು ಮತ್ತೆ ಹೇಳಿದೆ. ಆ ಮಸೀದಿಯನ್ನು ಆ ಅಳತೆಯಲ್ಲೇ, ಆ ಬೆಣೆಯ ಸಮೇತ ಕಟ್ಟಿದರು. ಮುದೀರ್ ನನ್ನನ್ನು ವಾರದೊಳಗೆ ಮೀನಾ ಅಬ್ದುಲ್ಲಾದ ರಿಫೈನರಿಗೆ ಪೈಪುಗಳ ನಕ್ಷೆ ಎಳೆಯಲು ದಬ್ಬಿದರು. ಇಕಾಮಾ ಆಗಲು ಆರು ತಿಂಗಳು ಸತಾಯಿಸಿದರು. ಅದಕ್ಕೆ ನಾನು ಇವತ್ತಿಗೂ ಅವರನ್ನು ದೂರುವುದಿಲ್ಲ.

ಆ ಬೆಳಿಗ್ಗೆ ಬು ಸಾಲೆಮ್ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಖಾನ್ ಬೀಡಿ ಆರಿಸಿ ತಲೆ ತಗ್ಗಿಸಿ ನಿಂತ. ಮಸಿ ಬೆರೆತ ಕಣ್ಣೀರು ಮುದುಕರ ಗಡ್ಡದ ತನಕ ಇಳಿದಿತ್ತು. ನಾನು 'ಕ್ಷಮಿಸಿ' ಎಂಬುದಕ್ಕೆ ಗೊತ್ತಿದ್ದ ಅರಬ್ಬಿ, ಹಿಂದಿ ಪದಗಳನ್ನೆಲ್ಲ ಒಂದಾದ ಮೇಲೊಂದು ಹೇಳಿದೆ. ಅವರು ಕೈಯೆತ್ತಿ ತಡೆದರು.

"ಒಂಬತ್ತು ತಿಂಗಳು ದಿನಾ ಅಲ್ಲಾಹನ ಹತ್ತಿರ, ನನ್ನ ಅಪ್ಪನನ್ನು ಮಾಫಿ ಮಾಡು ಅಂತ ಬೇಡಿಕೊಂಡೆ" ಎಂದರು. "ಈಗ ಅಪ್ಪನ ಹತ್ತಿರ ನಾನು ಮಾಫಿ ಕೇಳಬೇಕು. ಅವನ ಗೋರಿ ಇಲ್ಲೇ, ಎರಡು ರಸ್ತೆ ಆಚೆ."

ಎದ್ದು, ಅಂಗಿಯ ಮಸಿ ಕೊಡವಿಕೊಂಡು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

"ಬಾ" ಎಂದರು. "ನೀನೂ ಕೇಳಬೇಕು."